ಅಂಗೈಗೆ ನಿಲ್ಲುವ ಲೇತು

ಅಣ್ಣನಿಗೆ ಕೋಪ ಮೂಗಿನ ತುದಿಯಲ್ಲೇ. ಆದರೆ ಹಿಂದಿನ ಕೋಣೆಯ ಮೇಜಿಗೆ ಕೂತರೆ ಅವನ ಕೈ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗುತ್ತಿತ್ತು. ಬೆಂಕಿಪೊಟ್ಟಣದಷ್ಟು ಡ್ರಿಲ್ಲಿಂಗ್ ಮಶೀನು, ಹೆಬ್ಬೆರಳುದ್ದದ ಗರಗಸ, ಊಟದ ಡಬ್ಬಿಯಲ್ಲಿ ಹಿಡಿಸುವ, ಲೋಹ ಕಡೆಯುವ ಲೇತು. ಅವನೇ ಮಾಡಿದ ಇವೆಲ್ಲ ನಿಜಕ್ಕೂ ಓಡುತ್ತಿದ್ದವು. ಶಾಲೆ ಬಿಟ್ಟ ತಂಗಿ ಪಕ್ಕದಲ್ಲಿ ಕೂತು ಹಿತ್ತಾಳೆ ಚೂರುಗಳಿಗೆ ಅರ ಉಜ್ಜಿಕೊಡುತ್ತಿದ್ದಳು. ಮಶೀನು ತಿರುಗುವಾಗ ಅವಳು ಬಾಯಿ ತೆರೆಯುವಂತಿರಲಿಲ್ಲ.

ಒಮ್ಮೆ ತೆರೆದಿದ್ದಳು. ಸ್ಕ್ರೂ ಬೀಳುತ್ತಿದೆ ಎಂದಳು ಅಷ್ಟೇ. ಬೆಚ್ಚಿದ ಅಣ್ಣನ ಕೈ ಜಾರಿ ಮಾಡಿದ್ದೆಲ್ಲ ಹಾಳಾಯಿತು. ಅವನು ಜಡೆ ಹಿಡಿದು ಅವಳ ಮುಖವನ್ನು ಮೇಜಿನ ಅಂಚಿಗೆ ಬಡಿದ. ಮುಂದಿನ ಹಲ್ಲು ಮುರಿದು ಹಿತ್ತಾಳೆ ಪುಡಿಯಲ್ಲಿ ಬಿತ್ತು. ಸ್ಕ್ರೂ ಜೊತೆ ಅದನ್ನೂ ಅವಳೇ ಹೆಕ್ಕಿದಳು. ಅಂದಿನಿಂದ ಅವನು ಅವಳನ್ನು ಕರೆಯುತ್ತಿದ್ದದ್ದು ಮೂಗಿ ಎಂದೇ.

ಸ್ವಿಚ್ ಆರಿಸಿದರೂ ಲೇತಿನ ಚಕ್ಕು, ಕಬ್ಬಿಣದ ತುಂಡನ್ನು ಕಚ್ಚಿ ತಿರುಗುವ ಆ ತಲೆ, ತುಸು ಹೊತ್ತು ಸುತ್ತುತ್ತದೆ. ಅಷ್ಟು ತಾಳ್ಮೆ ಅಣ್ಣನಿಗೆಲ್ಲಿ? ಅಂಗೈ ಚಾಚಿ ಒತ್ತಿಬಿಡುತ್ತಿದ್ದ. ಪುಟ್ಟ ಚಕ್ಕು ಸಾಕಿದ ನಾಯಿಯ ಹಾಗೆ ನಿಲ್ಲುತ್ತಿತ್ತು.

ಲೇತಿನ ಮುಂದೆಯೇ ಮುದುಕನಾಗಿದ್ದ ಅಪ್ಪ ಅದನ್ನು ನೋಡಿದ. "ಕೈಗೆ ಈ ಚಟ ಹತ್ತಿಸ್ಬೇಡ ಕಣೋ. ದೊಡ್ಡದಕ್ಕೆ ನಿನ್ನ ಗುರುತಿಲ್ಲ."

ನಿನ್ನ ಬುದ್ಧಿವಾದಕ್ಕೂ ತುಕ್ಕು ಹಿಡಿದಿದೆ ಎಂದು ಅಣ್ಣ ನಕ್ಕ.

ಅಣ್ಣ ಕೆಲಸಕ್ಕಿದ್ದ ವರ್ಕ್‌ಶಾಪಿಗೆ ಅವಳು ಬುತ್ತಿ ಒಯ್ದ ದಿನ ಒಳಗೆ ಜಗಳ ನಡೆದಿತ್ತು. ಅಣ್ಣ ಕೆಡಿಸಿದ ತುಂಡನ್ನು ಮೇಸ್ತ್ರಿ ಎಲ್ಲರಿಗೂ ಎತ್ತಿ ತೋರಿಸುತ್ತಿದ್ದ. "ಗೊಂಬೆ ಮಶೀನಿನವನಿಗೆ ಲೇತು ಯಾಕಯ್ಯಾ? ತೊಟ್ಟಿಲು ಕೊಡಿಸೋಣ."

ಅಣ್ಣ ಎಸೆದ ಸ್ಪ್ಯಾನರ್ ಮೇಸ್ತ್ರಿಯ ಕಿವಿ ಹರಿದುಕೊಂಡು ಗೋಡೆಗೆ ಬಡಿಯಿತು. ಜನ ನಡುವೆ ಬಂದರು. ಬುಸುಗುಡುತ್ತ ತಿರುಗಿದ ಅಣ್ಣ ಓಡುತ್ತಿದ್ದ ತನ್ನ ಲೇತಿನ ಸ್ವಿಚ್ಚನ್ನು ಗುದ್ದಿ ಆರಿಸಿದ. ಚಕ್ಕು ಇನ್ನೂ ಸುತ್ತುತ್ತಿತ್ತು. ಅವನ ಬಲಗೈ ಮೇಲೆದ್ದಿತು, ಅಂಗೈ ಬಿಚ್ಚಿಕೊಂಡಿತು.

ಬಾಗಿಲಲ್ಲಿದ್ದ ಅವಳಿಗೆ ಆ ಕೈಯ ಜಾಡು ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ಕೂಗಲು ಬಾಯಿ ತೆರೆದಳು. ನಾಲಿಗೆ ಮುರಿದ ಹಲ್ಲಿಗೆ ತಾಗಿ ಅಲ್ಲೇ ನಿಂತಿತು.

ಚಕ್ಕಿನ ದವಡೆ ಅಂಗೈಯನ್ನು ಕಚ್ಚಿತು, ಆಮೇಲೆ ಅಂಗಿಯ ತೋಳನ್ನು. ಇಡೀ ಕೈ ಒದ್ದೆ ಬಟ್ಟೆಯಂತೆ ಹಿಂಡಿಕೊಂಡಿತು. ಮೂಳೆ ಮುರಿದ ಸದ್ದು ಅವಳವರೆಗೂ ಬಂತು, ರಕ್ತ ಬುತ್ತಿಯವರೆಗೂ ಸಿಡಿಯಿತು.

ಬಲ ಮೊಣಕೈ ಕೆಳಗೆ ಏನೂ ಇಲ್ಲದೆ ಅಣ್ಣ ಆಸ್ಪತ್ರೆಯಿಂದ ಮನೆಗೆ ಬಂದ. ಬಂದವನೇ ಎಡಗೈಯಲ್ಲಿ ಸುತ್ತಿಗೆ ಹಿಡಿದ. ಅಡ್ಡ ಬಂದ ಅಪ್ಪನನ್ನು ನೂಕಿ ಕೆಡವಿದ. ಡ್ರಿಲ್ಲು, ಗರಗಸ ಒಂದೊಂದೇ ಚಪ್ಪಟೆಯಾದವು. ಉಳಿದದ್ದು ಅವಳ ಮಡಿಲಲ್ಲಿದ್ದ ಪುಟ್ಟ ಲೇತು. ಅದರ ಒಂದೊಂದು ಚೂರಿಗೂ ಅರ ಉಜ್ಜಿದವಳು ಅವಳು. ಎರಡೂ ಕೈಯಿಂದ ಅದನ್ನು ಮುಚ್ಚಿಕೊಂಡಳು.

"ಕೊಡೇ ಮೂಗಿ. ಬಾಗಿಲಲ್ಲಿ ನಿಂತು ನೋಡ್ತಾ ಇದ್ದೆಯಲ್ಲ, ಒಂದ್ಸಲ ಕೂಗಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅವಳು ಬೆರಳು ಸಡಿಲಿಸಲಿಲ್ಲ. ಸುತ್ತಿಗೆ ಮೇಲೆದ್ದಿತು.

"ಅಣ್ಣಾ, ಕೈ ತೆಗಿ!"

ಅಂದು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಕೂಗು ಮನೆ ನಡುಗುವಂತೆ ಹೊರಬಿತ್ತು. ಅಣ್ಣ ಬೆಚ್ಚಿಬಿದ್ದ. ಅವನ ಬಲ ಭುಜ, ಇಲ್ಲದ ಕೈಯನ್ನು ಸರ್ರನೆ ಹಿಂದಕ್ಕೆ ಎಳೆದುಕೊಂಡಿತು.