ಸಾವಿರದ ಒಂಬೈನೂರ ಮೂರು ಸುತ್ತು

ನಾನು ಒಂದು ಸೈಕಲ್ಲಿನ ಮುಂದಿನ ಗಾಲಿ. ಕಾರ್ಖಾನೆಯಲ್ಲಿ ಉಕ್ಕಿನ ಪಟ್ಟಿಯೊಂದನ್ನು ಬಗ್ಗಿಸಿ, ಎರಡೂ ತುದಿ ಕೂಡಿಸಿ ಬೆಸುಗೆ ಹಾಕಿದ ದಿನ ನಾನು ಹುಟ್ಟಿದೆ. ಮೂವತ್ತೆರಡು ಕಡ್ಡಿಗಳನ್ನು ಒಂದೊಂದಾಗಿ ಬಿಗಿದವನು ನನ್ನನ್ನು ತಿರುಗಿಸಿ, ಒಂದು ಕಣ್ಣು ಮುಚ್ಚಿ ನೋಡಿ, 'ಸರಿಯಾಗಿದೆ' ಎಂದು ಪಕ್ಕಕ್ಕಿಟ್ಟ. ಅಷ್ಟೇ ನನ್ನ ಬಾಲ್ಯ.

ಇಳಕಲ್ಲಿನ ಕಡೆ ಕೆಂಗಲ್ಲಹಾಳವೆಂಬ ಊರು. ನೆಲ ಅಗೆದರೆ ಕೆಂಪು ಗ್ರಾನೈಟು. ಅಲ್ಲಿ ಅಂಚೆ ಹಂಚುವ ಫಕೀರಪ್ಪನವರ ಸೈಕಲ್ಲಿಗೆ ನಾನು ಸೇರಿದೆ. ಹದಿನಾಲ್ಕು ವರ್ಷ ಅವರೊಂದಿಗೆ ಓಡಿದೆ. ಪಕ್ಕದ ಊರು ಹುಣಸಿಕೇರಿಗೆ ಮೊದಲು ನೇರ ದಾರಿಯಿತ್ತು. ಆಮೇಲೆ ಎರಡೂರ ನಡುವೆ ಕಲ್ಲಿನ ಕ್ವಾರಿ ಶುರುವಾಯಿತು. ಗುಂಡಿ ದೊಡ್ಡದಾದಂತೆ ದಾರಿ ಅದರ ಸುತ್ತ ಬಳಸಿಕೊಂಡು ಹೋಯಿತು. ಒಂದು ದಿನ ಹಿಂದಕ್ಕೆ ಬಂದ ಕಲ್ಲಿನ ಲಾರಿ ನಿಲ್ಲಿಸಿದ್ದ ಸೈಕಲ್ಲನ್ನು ಮೆಟ್ಟಿತು. ಫ್ರೇಮು, ಹಿಂದಿನ ಗಾಲಿ, ಸೀಟು ಎಲ್ಲವೂ ಹೋದವು. ಉಳಿದದ್ದು ನಾನೂ ನನ್ನನ್ನು ಹಿಡಿದಿದ್ದ ಫೋರ್ಕೂ ಮಾತ್ರ.

ಫಕೀರಪ್ಪನವರ ಅಂಗಳದಲ್ಲಿ ಮಳೆ ಬಿಸಿಲಿಗೆ ಒರಗಿ ಕೂತಿದ್ದಾಗ ಊರಿನ ಶಾಲೆಯ ವಿಮಲಾ ಟೀಚರ್ ಬಂದರು.

"ಫಕೀರಪ್ಪಣ್ಣ, ಈ ಗಾಲಿ ಕೊಡ್ತೀರೇನ್ರಿ? ಹುಡುಗರಿಗೆ ಗಣಿತಕ್ಕ ಬೇಕಾಗೇತಿ."

"ಗಣಿತಕ್ಕ ಗಾಲಿ ಯಾಕ್ರಿ ಅಕ್ಕೋರ? ಪುಸ್ತಕ ಇರೂದಿಲ್ಲೇನು?"

"ಪುಸ್ತಕದಾಗಿನ ಗಾಲಿ ಉರುಳೂದಿಲ್ರಿ."

ಫಕೀರಪ್ಪ ನಕ್ಕರು. ನನಗೆ ಗಾಳಿ ತುಂಬಿಸಿಯೇ ಕಳಿಸಿದರು.

ಏಳನೇ ತರಗತಿಯಲ್ಲಿ ಹದಿನೇಳು ಮಕ್ಕಳಿದ್ದರು, ಹೆಚ್ಚಿನವರು ಕಲ್ಲು ಒಡೆಯುವವರ ಮಕ್ಕಳು. ಟೀಚರ್ ನನ್ನನ್ನು ಮೇಜಿನ ಮೇಲೆ ನಿಲ್ಲಿಸಿ, "ಇದು ಒಂದ್ಸಲ ಸುತ್ತಿದ್ರ ಎಷ್ಟು ದೂರ ಹೋಗತೈತಿ?" ಎಂದು ಕೇಳಿದರು. ಉತ್ತರ ಅವರೇ ಹೇಳುತ್ತಾರೆಂದು ಮಕ್ಕಳು ಪೆನ್ಸಿಲು ಹಿಡಿದು ಕಾದರು.

"ನನ್ನ ಮುಖ ಯಾಕ ನೋಡ್ತೀರಿ? ಗಾಲಿ ನೋಡ್ರಿ."

ಆಗ ಮಾಬೂಬಿ ಎದ್ದಳು. ಕಲ್ಲುಕುಟಿಗ ರಾಜೇಸಾಬರ ಮಗಳು. ಮಗ್ಗಿ ಕೇಳಿದರೆ ತಡವರಿಸುತ್ತಿದ್ದ ಹುಡುಗಿ. ಜಡೆಯ ರಿಬ್ಬನ್ನು ಬಿಚ್ಚಿ ನನ್ನ ಸುತ್ತ ಸುತ್ತಿದಳು. ಸಾಲಲಿಲ್ಲ. ಇನ್ನೊಬ್ಬಳ ರಿಬ್ಬನ್ನು ಗಂಟು ಹಾಕಿದಳು. ಈರಣ್ಣನೆಂಬ ಹುಡುಗ ನನ್ನ ಟೈರಿಗೆ ಸುಣ್ಣದ ಗುರುತು ಮಾಡಿ ಅಂಗಳದಲ್ಲಿ ಉರುಳಿಸಿದ. ರಿಬ್ಬನ್ನಿನ ಲೆಕ್ಕ ಒಂದು, ಉರುಳಿಸಿದ ಲೆಕ್ಕ ಇನ್ನೊಂದು. ಎರಡು ದಿನ ಜಗಳ ನಡೆಯಿತು. ರಿಬ್ಬನ್ನು ಎಳೆದರೆ ಹಿಗ್ಗುತ್ತದೆ, ಗಾಲಿ ಅಡ್ಡಾಡಿದರೆ ಗೆರೆ ಸೊಟ್ಟಗಾಗುತ್ತದೆ ಎಂದು ಅವರೇ ಕಂಡುಕೊಂಡರು. ಗೋಡೆಗುಂಟ ಹತ್ತು ಸುತ್ತು ನೇರವಾಗಿ ಉರುಳಿಸಿ ಹತ್ತರಿಂದ ಭಾಗಿಸಿದರು. ಎರಡು ಮೀಟರ್ ಇಪ್ಪತ್ಮೂರು ಸೆಂಟಿಮೀಟರ್. ನನ್ನ ಅಡ್ಡಗಲ, ಅಂದರೆ ವ್ಯಾಸ, ಎಪ್ಪತ್ತೊಂದು ಸೆಂಟಿಮೀಟರ್. ಒಂದನ್ನು ಇನ್ನೊಂದರಿಂದ ಭಾಗಿಸಿದಾಗ ಮೂರು ಬಿಂದು ಒಂದು ನಾಲ್ಕು ಬಂತು. ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದ ಸಂಖ್ಯೆ ತಮ್ಮ ಅಂಗಳದಿಂದಲೇ ಎದ್ದು ಬಂದದ್ದು ಕಂಡು ಈರಣ್ಣ ಕೂಗಿಯೇಬಿಟ್ಟ.

ಅದೇ ತಿಂಗಳು ಶಿಕ್ಷಣ ಇಲಾಖೆಯಿಂದ ಒಂದು ಪತ್ರ ಬಂತು.

ಮಕ್ಕಳ ಸಂಖ್ಯೆ ಕಡಿಮೆಯಿದೆ, ಹುಣಸಿಕೇರಿಯ ಶಾಲೆ ಎರಡು ಕಿಲೋಮೀಟರ್ ಏಳುನೂರು ಮೀಟರ್ ದೂರದಲ್ಲಿದೆ, ಮೂರು ಕಿಲೋಮೀಟರಿನೊಳಗೆ ಇರುವುದರಿಂದ ಆರು ಮತ್ತು ಏಳನೇ ತರಗತಿಗಳನ್ನು ಅಲ್ಲಿಗೆ ಸೇರಿಸಲಾಗುವುದು ಎಂದು ಬರೆದಿತ್ತು. ಆ ಸಂಜೆ ರಾಜೇಸಾಬ ಶಾಲೆಗೆ ಬಂದರು. ಅವರ ಮೈಮೇಲೆ ಕಲ್ಲಿನ ಕೆಂಪು ಹುಡಿ ಕೂತಿತ್ತು.

"ಲಾರಿ ಓಡಾಡೂ ದಾರ್ಯಾಗ ಹುಡುಗೀನ ಕಳಸೂದಿಲ್ರಿ ಅಕ್ಕೋರ. ಸಾಲಿ ಇಲ್ಲಿದ್ರ ಓದ್ತಾಳ. ಇಲ್ಲಾಂದ್ರ ಬಿಡಸ್ತೀನಿ. ಸಿಟ್ಟಾಗಬ್ಯಾಡ್ರಿ."

ಮರುದಿನ ಟೀಚರ್ ಪತ್ರವನ್ನು ಹಾಗೇ ಕರಿಹಲಗೆಯ ಮೇಲೆ ಬರೆದರು.

"ಇವತ್ತಿನ ಲೆಕ್ಕ ಇದು," ಎಂದರು.

ಮಕ್ಕಳು ಅದನ್ನು ನೋಟ್‌ಬುಕ್ಕಿಗೆ ಬರೆದುಕೊಂಡರು. ಆಮೇಲೆ ಮಾಬೂಬಿ ಕೇಳಿದಳು. "ಎರಡು ಕಿಲೋಮೀಟರ್ ಏಳುನೂರು ಮೀಟರ್ ಅಂತ ಯಾರು ಅಳದಾರ್ರಿ? ನಡಕೊಂಡು ಹೋಗಿ ಅಳದಾರೋ, ಕೂತು ಅಳದಾರೋ?"

ಟೀಚರ್ ನಕಾಶೆ ಹಾಸಿದರು. ಈರಣ್ಣ ಎರಡು ಶಾಲೆಗಳ ನಡುವೆ ಪಟ್ಟಿಯಿಟ್ಟು ಗೆರೆ ಎಳೆದ. ಗೆರೆ ಸೀದಾ ಕ್ವಾರಿಯ ಗುಂಡಿಯ ಮೇಲೆ ಹಾದುಹೋಯಿತು. ಅಳೆದರೆ ಪತ್ರದಲ್ಲಿದ್ದಷ್ಟೇ ದೂರ.

"ನಾವೇನು ಹದ್ದೇನ್ರಿ ಹಾರಿ ಹೋಗಾಕ?" ಎಂದಳು ಮಾಬೂಬಿ.

ಅವತ್ತೇ ನನ್ನ ಫೋರ್ಕಿಗೆ ಉದ್ದನೆಯ ಬಿದಿರು ಕಟ್ಟಿದರು. ಒಂದು ಕಡ್ಡಿಗೆ ತಗಡಿನ ಚೂರು ಸಿಕ್ಕಿಸಿದರು. ಪ್ರತಿ ಸುತ್ತಿಗೆ ಅದು ಫೋರ್ಕಿಗೆ ಬಡಿದು 'ಟಕ್' ಎನ್ನುತ್ತಿತ್ತು. ನನಗೆ ಮೊದಲ ಬಾರಿ ದನಿ ಬಂದದ್ದು ಹಾಗೆ.

ಶನಿವಾರ ಮಧ್ಯಾಹ್ನ ಹೊರಟೆವು. ಮಾಬೂಬಿ ತಳ್ಳಿದಳು, ಈರಣ್ಣ ಎಣಿಸಿದ, ಪ್ರತಿ ನೂರಕ್ಕೆ ಇನ್ನೊಬ್ಬಳು ನೋಟ್‌ಬುಕ್ಕಿನಲ್ಲಿ ಗೀಟು ಹಾಕಿದಳು. ಲಾರಿ ಬಂದಾಗ ಎಲ್ಲರೂ ಪಕ್ಕಕ್ಕೆ ಸರಿದು, ಸುಣ್ಣದಿಂದ ನಿಂತ ಜಾಗ ಗುರುತಿಟ್ಟು, ಮತ್ತೆ ಅಲ್ಲಿಂದಲೇ ಶುರುಮಾಡಿದರು. ಹುಣಸಿಕೇರಿಯ ಶಾಲೆಯ ಗೇಟಿಗೆ ನಾನು ಮುಟ್ಟಿದಾಗ ಸಾವಿರದ ಒಂಬೈನೂರ ನಲವತ್ತೆಂಟು ಸುತ್ತು ಆಗಿತ್ತು. ನಾಲ್ಕು ಕಿಲೋಮೀಟರ್ ಮುನ್ನೂರ ನಲವತ್ತನಾಲ್ಕು ಮೀಟರ್! ಮಕ್ಕಳು ಕುಣಿದರು.

ಹಿಂದಿರುಗುವಾಗ ಕ್ವಾರಿಯ ತಿರುವಿನಲ್ಲಿ ರಾಜೇಸಾಬ ಉಳಿ ಕೆಳಗಿಟ್ಟು ನಿಂತಿದ್ದರು. ಮಗಳು ಬರುವುದನ್ನು ನೋಡುತ್ತಿದ್ದರೆಂದು ಕಾಣುತ್ತದೆ. ಮಕ್ಕಳು ಹೇಳಿದ ಲೆಕ್ಕ ಕೇಳಿ ದಾರಿಯತ್ತ ನೋಡಿದರು.

"ಎಲ್ಲಿ ಹಾಯಿಸಿಕೊಂಡು ಬಂದ್ರಿ ಗಾಲೀನ? ಹೊರ ಅಂಚಿಗೋ, ಒಳ ಅಂಚಿಗೋ?"

"ಹೊರಗ, ಅಪ್ಪಾ. ಲಾರಿ ಹೋಗೂ ಕಡೆ."

"ಅದಕ್ಕ ಹೆಚ್ಚು ಬಂದೈತಿ. ಮಂದಿ ನಡಿಯೂದು ಒಳ ಅಂಚಿಗೆ. ಇಂಥ ಮೂರು ದೊಡ್ಡ ತಿರುವು ಅದಾವ. ನಾವು ಕಲ್ಲು ಅಳೆಯೋ ಮಂದಿ, ನಮಗ ಗೊತ್ತಾಗತೈತಿ."

ಈರಣ್ಣನ ಮುಖ ಬಾಡಿತು. "ಹೆಚ್ಚು ಬಂದ್ರ ನಮಗ ಛಲೋ ಅಲ್ರಿ ಕಾಕಾ? ಇರಲಿ ಬಿಡ್ರಿ."

ಮಾಬೂಬಿ ಬಿದಿರನ್ನು ಬಿಗಿಯಾಗಿ ಹಿಡಿದಿದ್ದಳು. ಅವಳ ಅಂಗೈಯ ಬೆವರು ಬಿದಿರಿನಗುಂಟ ನನ್ನತ್ತ ಇಳಿಯುತ್ತಿತ್ತು. "ಒಂದ ಸುಳ್ಳ ಸಿಕ್ರ ಎಲ್ಲಾನೂ ಸುಳ್ಳ ಅಂತಾರ," ಎಂದಳು. "ಮತ್ತ ಅಳಿಯೂಣು."

ಮೂರು ಸಲ ಅಳೆದರು, ಒಳ ಅಂಚಿಗೆ, ಮೂರು ಬೇರೆ ಬೇರೆ ದಿನ. ಸಾವಿರದ ಎಂಟುನೂರ ತೊಂಬತ್ತಾರು. ಸಾವಿರದ ಒಂಬೈನೂರ ಹನ್ನೊಂದು. ಸಾವಿರದ ಒಂಬೈನೂರ ಎರಡು. ಯಾವುದು ನಿಜವೆಂದು ಮತ್ತೆ ಜಗಳ. ಯಾವುದನ್ನೂ ಬಿಡದೆ ಕೂಡಿಸಿ ಮೂರರಿಂದ ಭಾಗಿಸುವುದೆಂದು ತೀರ್ಮಾನವಾಯಿತು. ಸಾವಿರದ ಒಂಬೈನೂರ ಮೂರು. ಅಂದರೆ ನಾಲ್ಕು ಕಿಲೋಮೀಟರ್ ಇನ್ನೂರ ನಲವತ್ತನಾಲ್ಕು ಮೀಟರ್. ಮೊದಲಿನದಕ್ಕಿಂತ ನೂರು ಮೀಟರ್ ಕಡಿಮೆ. ಅದನ್ನೇ ಬರೆದರು. ಹೇಗೆ ಅಳೆದೆವೆಂದು ನಾಲ್ಕು ಪುಟ, ನನ್ನದೊಂದು ಚಿತ್ರ. ಹದಿನೇಳು ಸಹಿ. ಟೀಚರ್ ಅದನ್ನು ಇಲಾಖೆಗೆ ಕಳಿಸಿದರು.

ಹದಿನೈದು ದಿನಗಳ ನಂತರ ಇಲಾಖೆಯ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದರು. ನನ್ನನ್ನು ಬೂಟಿನ ತುದಿಯಿಂದ ಮುಟ್ಟಿ ನೋಡಿದರು.

"ಟೀಚರ್, ಇಂಥ ಹಳೇ ಸೈಕಲ್ ಗಾಲಿ ನಂಬಿ ಸರ್ಕಾರಿ ನಕಾಶೆ ತಪ್ಪು ಅನ್ನೋಕಾಗುತ್ತಾ?"

ಟೀಚರ್ ಉತ್ತರಿಸಲು ಬಾಯಿ ತೆರೆದರು. ಅಷ್ಟರಲ್ಲಿ ಮಾಬೂಬಿ ಮುಂದೆ ಬಂದಳು.

"ನಕಾಶೆ ತಪ್ಪಿಲ್ರಿ ಸರ್. ಅದು ಗುಂಡಿ ಮ್ಯಾಲ ಅಳದೈತಿ. ನಾವು ದಾರಿ ಮ್ಯಾಲ ಅಳದೀವಿ." ಉಸಿರು ಎಳೆದುಕೊಂಡು ಮತ್ತೆ ಹೇಳಿದಳು. "ಗಾಲಿ ನಂಬಬ್ಯಾಡ್ರಿ. ನಿಮ್ಮ ಜೀಪಿನ ಮೀಟರ್ ನೋಡ್ರಿ. ಅದೂ ಗಾಲಿ ಸುತ್ತೂದನ್ನ ಎಣಸತೈತಿ ಅಲ್ರಿ?"

ಅಧಿಕಾರಿ ಡ್ರೈವರನ್ನು ಕರೆದು, ಮೀಟರಿನ ಅಂಕಿ ಬರೆದುಕೊಂಡು, "ಜೀಪು ಹತ್ತಿ," ಎಂದರು. ಮಾಬೂಬಿ, ಈರಣ್ಣ, ಟೀಚರ್ ಹತ್ತಿದರು. ನಾನು ಗೋಡೆಗೆ ಒರಗಿ ಕಾದೆ. ಓಡಾಡಿಯೇ ಬೆಳೆದ ನನಗೆ ಅಷ್ಟು ಹೊತ್ತು ನಿಲ್ಲುವುದು ಎಂದೂ ಅಷ್ಟು ಕಷ್ಟವಾಗಿರಲಿಲ್ಲ.

ಅವರು ಹಿಂದಿರುಗಿದಾಗ ಅಧಿಕಾರಿಯ ಕೈಯಲ್ಲಿ ಚೀಟಿಯಿತ್ತು. "ನಾಲ್ಕು ಬಿಂದು ಮೂರು. ನಿಮ್ಮ ಲೆಕ್ಕಕ್ಕಿಂತ ಹೆಚ್ಚೇ ಬಂತಲ್ಲ?"

"ಹೌದ್ರಿ. ಜೀಪು ತಿರುವಿನ್ಯಾಗ ಹೊರಗ ಹೋಗತೈತಿ. ಅದಕ್ಕ ಜಾಸ್ತಿ ಬಂದೈತಿ. ನಾವು ಮೊದಲ ಸಲ ಹಂಗ ಅಳದಿದ್ವಿ, ಆಮ್ಯಾಲ ತೆಗದು ಹಾಕಿದ್ವಿ," ಎಂದಳು ಮಾಬೂಬಿ, ನೋಟ್‌ಬುಕ್ಕಿನ ಹಾಳೆ ತೆರೆದು ತೋರಿಸುತ್ತ.

ಅಧಿಕಾರಿ ಆ ಹಾಳೆಯನ್ನು ನಿಂತಲ್ಲೇ ಪೂರ್ತಿ ಓದಿದರು. ಹೊಡೆದುಹಾಕಿದ ಅಂಕಿಯ ಮೇಲೆ ಬೆರಳಿಟ್ಟು ನೋಡಿದರು. ಹೊರಡುವಾಗ ಆ ನಾಲ್ಕು ಪುಟಗಳ ಇನ್ನೊಂದು ಪ್ರತಿ ಕೇಳಿ ತೆಗೆದುಕೊಂಡರು. ಭರವಸೆ ಏನೂ ಕೊಡಲಿಲ್ಲ. ಎರಡು ತಿಂಗಳು ಯಾರಿಗೂ ಏನೂ ಗೊತ್ತಾಗಲಿಲ್ಲ. ಆಮೇಲೆ ಒಂದು ಸಾಲಿನ ಆದೇಶ ಬಂತು. ಶಾಲೆ ಇದ್ದಲ್ಲೇ ಮುಂದುವರಿಯುವುದು.

ಮಾಬೂಬಿ ಏಳನೆಯದನ್ನು ಅಲ್ಲೇ ಮುಗಿಸಿದಳು. ಅವಳಿಗೆ ಮೊದಲ ಸ್ಥಾನವೇನೂ ಬರಲಿಲ್ಲ. ಆದರೆ ಹೈಸ್ಕೂಲು ಇದ್ದದ್ದು ಹುಣಸಿಕೇರಿಯಲ್ಲೇ. ಎಲ್ಲರೂ ರಾಜೇಸಾಬರ ಮಾತಿಗೆ ಕಾದರು.

"ದಾರಿ ಅಳದಾಕಿ ನೀನ," ಎಂದರು ಅವರು ಮಗಳಿಗೆ. "ಲಾರಿ ಎಲ್ಲಿ ಹೊರಳತಾವ, ಎಲ್ಲಿ ನಿಲ್ಲಬೇಕು, ನಿನಗ ನನಗಿಂತ ಚೆಂದ ಗೊತ್ತೈತಿ. ಹೋಗು."

ನಾಲ್ಕು ಗೆಳತಿಯರ ಜೊತೆ ಅವಳು ದಿನಾ ನಡೆದು ಹೋದಳು. ಮುಂದೆ ಏನಾದಳೆಂದು ನನಗೆ ಪೂರ್ತಿ ತಿಳಿಯದು. ದೂರದ ಊರಿನಲ್ಲಿ ಓದುತ್ತಿದ್ದಾಳೆಂದು ಒಮ್ಮೆ ಫಕೀರಪ್ಪ ಹೇಳಿದ್ದು ಕೇಳಿಸಿತ್ತು.

ವಿಮಲಾ ಟೀಚರಿಗೆ ವರ್ಗವಾಯಿತು. ನಾನು ಇನ್ನೂ ಕೆಲವು ತಂಡಗಳ ಕೈಯಲ್ಲಿ ಹೊಲ, ಕೆರೆಯ ಏರಿ, ಆಟದ ಮೈದಾನ ಸುತ್ತಿದೆ. ಟೈರು ಸವೆದು ಹರಿಯಿತು. ಏಳು ಕಡ್ಡಿ ಮುರಿದವು. ಈಗ ಶಾಲೆಯ ಕಿಟಕಿಯ ಪಕ್ಕ ಮೊಳೆಗೆ ನೇತುಬಿದ್ದಿದ್ದೇನೆ. ತುಕ್ಕು ಹಿಡಿದ ವಸ್ತುವಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಇಲ್ಲಿಂದ ಅಂಗಳ ಪೂರ್ತಿ ಕಾಣುತ್ತದೆ.

ಮೊನ್ನೆ ಬೇಸಿಗೆಯಲ್ಲಿ ನೀರಿನ ತೊಂದರೆಯಾಯಿತು. ಟ್ಯಾಂಕಿನ ನೀರು ಎಷ್ಟು ದಿನಕ್ಕೆ ಸಾಕಾಗುತ್ತದೆಂಬುದು ಆರನೆಯವರ ಲೆಕ್ಕ. ಹೊಸ ಸರ್, ಟ್ಯಾಂಕಿನ ಮೇಲೆ ಸಾವಿರ ಲೀಟರ್ ಎಂದು ಬರೆದಿದೆಯಲ್ಲ, ಎಲ್ಲ ಮಕ್ಕಳಿಗೆ ದಿನಕ್ಕೆ ಬೇಕಾಗುವ ನೀರಿನಿಂದ ಭಾಗಿಸಿ ಎಂದರು. ಎಲ್ಲರೂ ಬರೆಯತೊಡಗಿದರು. ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಪೆನ್ಸಿಲು ಎತ್ತಲೇ ಇಲ್ಲ.

"ಯಾಕ ಸುಮ್ಮನ ಕೂತಿ?"

"ನಲ್ಲಿಗಿಂತ ತೆಳಗಿನ ನೀರು ಹೊರಗ ಬರೂದ ಇಲ್ಲಲ್ರಿ ಸರ್. ಅದನ್ನ ಹೆಂಗ ಕುಡಿಯೂದು?"

ಸರ್ ಹಲಗೆಯತ್ತ ತಿರುಗಿ, ತಾವು ಬರೆದದ್ದನ್ನು ನೋಡಿದರು. ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟರು.

"ಬಕೆಟ್ ತರ್ರಿ," ಎಂದರು.

ನನ್ನನ್ನು ಯಾರೂ ಕರೆಯಲಿಲ್ಲ. ನೀರು ಅಳೆಯಲು ನಾನು ಬೇಕಿಲ್ಲ. ಅಂಗಳದಲ್ಲಿ ನಲ್ಲಿ ತಿರುಗಿದ ಸದ್ದಾಯಿತು, ಬಕೆಟ್ಟಿಗೆ ನೀರು ಬಿತ್ತು, ಮಕ್ಕಳು ಜೋರಾಗಿ ಎಣಿಸತೊಡಗಿದರು.