ನಾಲ್ಕನೆಯವನ ಕಂಚು

ಕರೆ ಬಂದಾಗ ಹುಲಗಪ್ಪ ಮುಂಬಯಿ ಸಮೀಪದ ಕಲ್ಯಾಣ ಸ್ಟೇಷನ್ನಿನ ಸೇತುವೆಯ ಮೇಲೆ, ಪಾಸಿಲ್ಲದೆ ಫಸ್ಟ್ ಕ್ಲಾಸಿನಿಂದ ಇಳಿದವನೊಬ್ಬನ ತೋಳು ಹಿಡಿದು ನಿಂತಿದ್ದ. ಟಿಕೆಟ್ ತಪಾಸಣೆಯವರ ಕಪ್ಪು ಕೋಟಿನೊಳಗೆ ಬೆವರು ಇಳಿಯುತ್ತಿತ್ತು. ಫೋನಿನಲ್ಲಿ ಕೋಚ್ ಅನಿಲಕುಮಾರರ ಹೆಸರು ಕಂಡಿತು. ಅವರು ಕರೆ ಮಾಡದೆ ವರ್ಷವೇ ಕಳೆದಿತ್ತು.

"ಹುಲಗಪ್ಪಾ, ದಿಲ್ಲಿಯಿಂದ ಆರ್ಡರ್ ಬಂತು. ಏಷ್ಯನ್ ಚಾಂಪಿಯನ್‌ಶಿಪ್ಪಿನ ಕಂಚು ಇನ್ನು ನಿಂದು. ರಿಸಲ್ಟ್ ಬದಲಾಯಿಸಿದ್ದಾರೆ. ಕೇಳ್ತಾ ಇದೆಯಾ?"

"ಹಾಂ, ಸರ್."

"ಏನಾದರೂ ಹೇಳೋ ಮತ್ತೆ!"

"ಡ್ಯೂಟಿ ಮ್ಯಾಲ ಅದೀನ್ರಿ ಸರ್. ಆಮ್ಯಾಗ ಮಾಡ್ತೀನಿ."

ಫೋನು ಜೇಬಿಗೆ ಹಾಕಿದ. ಸಿಕ್ಕಿಬಿದ್ದವನು, ಒಳ್ಳೆಯ ಸುದ್ದಿಯಿದ್ದರೆ ಬಿಟ್ಟಾನೆಂಬ ಆಸೆಯಿಂದ ಅವನ ಮುಖ ನೋಡಿ, "ಸಾಬ್, ಅಚ್ಛೀ ಖಬರ್ ಹೈ ಕ್ಯಾ? ಛೋಡ್ ದೋ ನಾ ಫಿರ್," ಅಂದ. ಹುಲಗಪ್ಪ ರಸೀದಿ ಬರೆದು ಮುಗಿಸಿದ. ಅಕ್ಷರ ಸೊಟ್ಟಗಾಗಲಿಲ್ಲ. ಎದೆಯಲ್ಲಿ ಏನಾದರೂ ಎದ್ದೀತೆಂದು ಒಂದು ಲೋಕಲ್ ಬಂದು ಹೋಗುವವರೆಗೆ ಕಾದ. ಏನೂ ಏಳಲಿಲ್ಲ. ಮುಂದಿನ ಗಾಡಿಯ ಜನ ಮೆಟ್ಟಿಲೇರಿ ಬಂದರು. ಅವರತ್ತ ಕೈ ಚಾಚಿ "ಟಿಕೆಟ್" ಅಂದ.

ಆ ಚಾಂಪಿಯನ್‌ಶಿಪ್ ಮೂರು ವರ್ಷದ ಹಿಂದಿನ ಮಾತು. ಲಾಂಗ್ ಜಂಪ್ ಫೈನಲಿನಲ್ಲಿ ಭಾರತದ ಇಬ್ಬರಿದ್ದರು, ಇಬ್ಬರೂ ಠಾಣೆಯ ಒಂದೇ ಮೈದಾನದ ಮರಳಿನಲ್ಲಿ ಬಿದ್ದು ಎದ್ದವರು. ಒಬ್ಬ ದಿವಾ ಎಂಬ ಉಪನಗರದ ಚಾಳಿನ ಹುಲಗಪ್ಪ. ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಭೀಮಮ್ಮನ ಒಬ್ಬನೇ ಮಗ. ಇನ್ನೊಬ್ಬ ಮನೀಶ. ಠಾಣೆ ಸ್ಟೇಷನ್ನಿನ ಹತ್ತಿರ ಸಸ್ಯಾಹಾರಿ ಹೋಟೆಲು ನಡೆಸುವ ಉಡುಪಿಯ ರಮಾಕಾಂತರ ಮಗ. ಬೆಳಗಿನ ಅಭ್ಯಾಸ ಮುಗಿದ ಮೇಲೆ ಇಬ್ಬರೂ ಆ ಹೋಟೆಲಿನ ಹಿಂಬಾಗಿಲಿನಿಂದ ಒಳಗೆ ಹೋಗುತ್ತಿದ್ದರು. ಮನೀಶನ ತಾಯಿ ಶ್ರೀಮತಿ ಇಬ್ಬರಿಗೂ ಒಂದೇ ಅಳತೆಯಲ್ಲಿ ಬಡಿಸುತ್ತಿದ್ದರು. ಹುಲಗಪ್ಪನ ತಟ್ಟೆ ಖಾಲಿಯಾದರೆ ಕೇಳದೆಯೇ ಇನ್ನೆರಡು ಇಡ್ಲಿ ಬೀಳುತ್ತಿತ್ತು.

ಫೈನಲ್ ನಡೆದ ಪರದೇಶದ ಮೈದಾನದಲ್ಲಿ ಕೊನೆಯ ಸುತ್ತಿಗೆ ಮುಂಚೆ ಹುಲಗಪ್ಪ ಮೂರನೆಯವನು, ಮನೀಶ ಐದನೆಯವನು. ಕೊನೆಯ ಸುತ್ತಿನಲ್ಲಿ ಹಿಂದಿದ್ದವರು ಮೊದಲು ಜಿಗಿಯುವ ಪದ್ಧತಿ. ಮನೀಶ ಓಡಿದ, ಹಲಗೆಯ ಮೇಲೆ ಕಾಲಿಟ್ಟ, ಗಾಳಿಯಲ್ಲಿ ಬಹಳ ಹೊತ್ತು ಇದ್ದಂತೆ ಕಂಡ. ಬೋರ್ಡಿನ ಮೇಲೆ 8.04 ಎಂದು ಮೂಡಿದಾಗ ಮೊದಲು ಕೂಗಿದವನು ಹುಲಗಪ್ಪನೇ. ಓಡಿಹೋಗಿ ಅವನನ್ನು ಎತ್ತಿ ತಿರುಗಿಸಿದ. ಅವನನ್ನು ಕೆಳಗಿಳಿಸಿದ ಮೇಲೆಯೇ, ತಾನೀಗ ನಾಲ್ಕನೆಯವನು ಎಂದು ತಲೆಗೆ ಹೋದದ್ದು. ತನ್ನ ಸರದಿಯಲ್ಲಿ ಅವನೂ ದೂರ ಬಿದ್ದ. ಎಷ್ಟು ದೂರವೆಂದು ಅಳೆಯಲೇ ಇಲ್ಲ, ಶೂವಿನ ತುದಿ ಹಲಗೆಯ ಗೆರೆ ದಾಟಿತ್ತು. ಕೆಂಪು ಬಾವುಟ ಎದ್ದಿತು. ಮೊದಲಿನ ಸುತ್ತಿನಲ್ಲಿ ಜಿಗಿದಿದ್ದ 7.98ಕ್ಕೆ ನಾಲ್ಕನೇ ಸ್ಥಾನ.

ಅವತ್ತು ಅವನು ಅತ್ತ. ಸ್ಟೇಡಿಯಮ್ಮಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು, ಹಲ್ಲು ಕಚ್ಚಿ, ಹೊಟ್ಟೆ ನೋಯುವಷ್ಟು ಅತ್ತ. ಆಮೇಲೆ ಮುಖ ತೊಳೆದು ಬಂದು ಮನೀಶನ ಪದಕ ಕೈಯಲ್ಲಿ ಹಿಡಿದು ಫೋಟೋಕ್ಕೆ ನಿಂತ.

ಪದಕ ಬಂದವನನ್ನು ವಿದೇಶದ ತರಬೇತಿಗೆ ಕಳಿಸಿದರು. ನಾಲ್ಕನೆಯವನು ಠಾಣೆಯ ಗಟ್ಟಿ ಟ್ರ್ಯಾಕಿಗೇ ಮರಳಿದ. ಅಲ್ಲೇ ಒಂದು ಮುಂಜಾನೆ ಜಿಗಿಯುವ ಕಾಲಿನ ಹಿಮ್ಮಡಿಯಲ್ಲಿ ಏನೋ ಹರಿಯಿತು. ಶಸ್ತ್ರಚಿಕಿತ್ಸೆಯಾಯಿತು. ಕಾಲು ನಡೆಯಲಿಕ್ಕೆ ಸರಿಹೋಯಿತು, ಜಿಗಿಯಲಿಕ್ಕೆ ಆಗಲಿಲ್ಲ. ಕ್ರೀಡಾ ಕೋಟಾದಲ್ಲಿ ಸಿಕ್ಕಿದ್ದ ರೈಲ್ವೆ ನೌಕರಿ, ಅಲ್ಲಿಯವರೆಗೆ ಬರೀ ಹೆಸರಿಗಿದ್ದದ್ದು, ಆಮೇಲೆ ದಿನದ ದುಡಿಮೆಯಾಯಿತು. ಒಂದು ದಿನ ಕಿಕ್ಕಿರಿದ ಲೋಕಲಿನಲ್ಲಿ ಪಕ್ಕದವನ ಪೇಪರಿನಲ್ಲಿ ಮನೀಶನ ಫೋಟೋ ಕಂಡಿತು. ಚಾಂಪಿಯನ್‌ಶಿಪ್ಪಿನ ದಿನ ತೆಗೆದು ಕಾದಿಟ್ಟಿದ್ದ ಅವನ ಮೂತ್ರದ ಮಾದರಿಯನ್ನು ಮತ್ತೆ ಪರೀಕ್ಷೆ ಮಾಡಿದ್ದರು. ನಿಷೇಧಿತ ಮದ್ದು ಸಿಕ್ಕಿತ್ತು. ಹುಲಗಪ್ಪ ಮುಂಬ್ರಾದಿಂದ ದಿವಾದವರೆಗೆ ಅದೇ ಸುದ್ದಿಯನ್ನು ಓದಿದ. ಪಕ್ಕದವನು ಪುಟ ತಿರುಗಿಸಿದ. ಆ ದಿನವೂ, ಆಮೇಲಿನ ತಿಂಗಳುಗಳಲ್ಲೂ ಇಬ್ಬರಲ್ಲಿ ಒಬ್ಬನೂ ಇನ್ನೊಬ್ಬನಿಗೆ ಫೋನು ಮಾಡಲಿಲ್ಲ.

ಕೋಚ್ ಕರೆ ಮಾಡಿದ ದಿನ ಸಂಜೆ ಭೀಮಮ್ಮ ತಾನೀಗ ದುಡಿಯುವ ಡೊಂಬಿವಲಿಯ ಕಾರ್ಖಾನೆಯಿಂದ ಬಂದು, ಚಪ್ಪಲಿ ಬಿಟ್ಟು, ಹೊಸ್ತಿಲ ಮೇಲೆ ಕುಳಿತು ಕಾಲೊತ್ತಿಕೊಳ್ಳುತ್ತಿದ್ದಳು. ಹುಲಗಪ್ಪ ನೀರಿನ ಚೊಂಬು ಕೊಟ್ಟು ಹೇಳಿದ.

"ಅವ್ವಾ, ಆ ಮೂರನೇ ನಂಬರ್ ಈಗ ನಂದಂತ."

"ಯಾವಾಗ ಜಿಗದಿ?"

"ಈಗಲ್ಲ. ಆವಾಗ ಜಿಗದದ್ದು."

"ಆವಾಗ ನಾಕನೇದು ಬಂದಿತ್ತಲ್ಲೋ."

"ಮನೀಶಂದು ತಗದು ಹಾಕ್ಯಾರ. ಅದಕ್ಕ ನಂದು ಮ್ಯಾಲ ಬಂತು."

ಭೀಮಮ್ಮ ನೀರು ಕುಡಿದಳು. ಚೊಂಬನ್ನು ಪಕ್ಕದಲ್ಲಿಟ್ಟಳು.

"ಅವರ ಮನಿ ಅನ್ನ ಉಂಡಿ ನೀ," ಅಂದಳು. "ಅದನ್ನ ಕೊಳ್ಳಾಗ ಹಾಕ್ಕೊಳ್ಳೂಕಿಂತ ಮೊದಲ ಹೋಗಿ ಅವರ ಮಾರಿ ನೋಡಿ ಬಾ."

"ಹೋಗಿ ಏನಂತ ಹೇಳ್ಲಿ?"

"ಹೇಳಬ್ಯಾಡ. ಹೋಗು."

ವಾರದ ರಜೆಯ ದಿನ ಅವನು ಹೋದ. ಈ ಸಲ ಮುಂಬಾಗಿಲಿನಿಂದಲೇ ಒಳಗೆ ಹೋದ. ಗಲ್ಲಾದಲ್ಲಿ ಕುಳಿತಿದ್ದ ರಮಾಕಾಂತರು ತಲೆಯೆತ್ತಿ ನೋಡಿದರು. ಮುಂಚೆ ಅವರ ತಲೆಯ ಮೇಲಿನ ಗೋಡೆಯಲ್ಲಿ ಮಗ ಪದಕ ಹಾಕಿಕೊಂಡ ದೊಡ್ಡ ಫೋಟೋ ಇತ್ತು. ಈಗ ಅಲ್ಲೊಂದು ಕ್ಯಾಲೆಂಡರು ನೇತಾಡುತ್ತಿತ್ತು. "ಮೇಲಿದ್ದಾನೆ," ಅಂದು ಅವರು ಚಿಲ್ಲರೆಯ ಡಬ್ಬಿಯೊಳಗೆ ಕಣ್ಣಿಳಿಸಿದರು.

ಮನೀಶ ಮೇಲಿನ ಕೋಣೆಯಲ್ಲಿ ಲುಂಗಿಯುಟ್ಟು ಮಂಚದ ಮೇಲೆ ಕುಳಿತಿದ್ದ. ಹೊಟ್ಟೆ ಬಂದಿತ್ತು, ಗಡ್ಡ ಬೆಳೆದಿತ್ತು. ಹುಲಗಪ್ಪನನ್ನು ಕಂಡು ಏಳಲು ಹೋದವನು ಮತ್ತೆ ಕುಳಿತ.

"ನೀನು ಬಂದು ಬೈತಿ ಅಂತ ಕಾದೆ ಮಾರಾಯ. ನೀನು ಬರಲೇ ಇಲ್ಲ."

"ಬೈಗಳ ಬರವಲ್ದು."

"ಕಾಲು ನೋವಿತ್ತು ನಂಗೆ ಆಗ. ಸೆಲೆಕ್ಷನ್ನಿಗೆ ಮುಂಚೆ. ಜಿಮ್ಮಿನಲ್ಲಿ ಒಬ್ಬ ಕೊಟ್ಟ, ಬೇಗ ಗುಣ ಆಗ್ತದೆ ಅಂತ." ಮನೀಶ ತನ್ನ ಅಂಗೈ ನೋಡಿಕೊಂಡ. "ಗೊತ್ತಿಲ್ಲದೆ ತಗೊಂಡೆ ಅಂತ ದಿಲ್ಲಿಯಲ್ಲಿ ಹೇಳಿದೆ. ನಿನ್ನ ಹತ್ರ ಹಾಗೆ ಹೇಳ್ಲಿಕ್ಕೆ ಆಗೂದಿಲ್ಲ. ಗೊತ್ತಿತ್ತು."

ಹುಲಗಪ್ಪ ತಲೆಯಾಡಿಸಿದ. ಚಾಂಪಿಯನ್‌ಶಿಪ್ಪಿಗೆ ಹೋದಾಗ ಇಬ್ಬರೂ ಎರಡು ವಾರ ಒಂದೇ ಕೋಣೆಯಲ್ಲಿ ಮಲಗಿದ್ದರು, ಒಂದೇ ಸೋಪು ಬಳಸಿದ್ದರು. ತನಗೆ ಸಿಟ್ಟು ಬರಬೇಕು ಎಂದು ಅವನಿಗೆ ಅನಿಸಿತು. ಸಿಟ್ಟನ್ನು ಹುಡುಕಿ ಒಳಗೆ ಹೋದರೆ, ದೀಪವಿಲ್ಲದ ಕೋಣೆಯಲ್ಲಿ ಗೋಡೆ ತಡವಿದಂತಾಯಿತು. ಗೋಡೆ ಸಿಕ್ಕಿತು, ಮತ್ತೇನೂ ಸಿಗಲಿಲ್ಲ.

ಶ್ರೀಮತಿ ಕಾಫಿ ತಂದರು. ಲೋಟ ಕೊಡುವಾಗ ಅವನ ಮುಖ ನೋಡಲಿಲ್ಲ. ಬಾಗಿಲಲ್ಲೇ ನಿಂತು, ಸೆರಗಿನ ತುದಿ ಸುತ್ತುತ್ತ ಅಂದರು, "ಅದು ಇಲ್ಲೇ ಉಂಟು ಹುಲಗಪ್ಪ. ವಾಪಸ್ ಕಳಿಸಿ ಅಂತ ದಿಲ್ಲಿಯಿಂದ ಎರಡು ಸಲ ನೋಟಿಸ್ ಬಂತು. ದೇವರ ಕೋಣೆಯಿಂದ ತೆಗೀಲಿಕ್ಕೆ ನಂಗೇ ಮನಸ್ಸು ಬರಲಿಲ್ಲ. ಇವರು ಆ ಕೋಣೆಗೆ ಬರೂದೇ ನಿಲ್ಲಿಸಿದ್ದಾರೆ. ನೀನೇ ತಗೊಂಡು ಹೋಗು ಮಗಾ. ನಿಂದೇ ಅಲ್ವಾ?"

"ಹಂಗ ಒಯ್ಯಾಕ ಬರೂದಿಲ್ರಿ ಅಮ್ಮಾ. ಮೊದಲ ದಿಲ್ಲಿಗೆ ಹೋಗಬೇಕು." ಆಮೇಲೆ ಮನೀಶನ ಕಡೆ ತಿರುಗಿ, "ಪ್ಯಾಂಟ್ ಹಾಕ್ಕೊ. ಪೋಸ್ಟ್ ಆಫೀಸ್ ಇನ್ನಾ ತೆರದಿರ್ತದ," ಅಂದ.

ಶ್ರೀಮತಿ ಒಳಗೆ ಹೋಗಿ ಬಂದರು. ಪದಕವನ್ನು ಹಳೆಯ ಹತ್ತಿಯ ಸೀರೆಯ ತುಂಡಿನಲ್ಲಿ ಸುತ್ತಿದ್ದರು. ರಿಬ್ಬನ್ನಿಗೆ ಕುಂಕುಮ ಹತ್ತಿತ್ತು. ಅದನ್ನು ಒರೆಸಲು ನೋಡಿದರು, ಹೋಗಲಿಲ್ಲ.

ಇಬ್ಬರೂ ಗದ್ದಲದ ರಸ್ತೆಯಲ್ಲಿ ರಿಕ್ಷಾಗಳ ನಡುವೆ ನಡೆದರು. ಮನೀಶ ಏದುಸಿರು ಬಿಡುತ್ತಿದ್ದ, ಹುಲಗಪ್ಪ ಕುಂಟದಂತೆ ನಿಧಾನ ಹೆಜ್ಜೆ ಇಡುತ್ತಿದ್ದ. ಪೋಸ್ಟ್ ಆಫೀಸಿನಲ್ಲಿ ಸಾಲು ಉದ್ದವಿತ್ತು. ಹುಲಗಪ್ಪ ಹೊರಗಿನ ಅಂಗಡಿಯಿಂದ ರಟ್ಟಿನ ಪೆಟ್ಟಿಗೆ ತಂದ. ಮನೀಶ ಪೆಟ್ಟಿಗೆ ಹಿಡಿದ, ಇವನು ಟೇಪು ಎಳೆದು ಅಂಟಿಸಿದ. ಟೇಪನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಬೇಕಾಯಿತು. ದಿಲ್ಲಿಯ ವಿಳಾಸವನ್ನು ಮನೀಶ ಬರೆದ.

ಕೌಂಟರಿನ ಹೆಂಗಸು ಪೆಟ್ಟಿಗೆಯನ್ನು ತೂಕಕ್ಕಿಟ್ಟು ಒಳಗೇನಿದೆಯೆಂದು ಕೇಳಿದಳು, "ಅಂದರ್ ಕ್ಯಾ ಹೈ?"

ಮನೀಶ ಹುಲಗಪ್ಪನ ಕಡೆ ತಿರುಗಿದ.

"ಮೆಡಲ್," ಅಂದ ಹುಲಗಪ್ಪ.

"ಅರೇ ವಾ! ಕಿಸ್ಕಾ?" ಅವಳಿಗೆ ಯಾರದೆಂಬ ಕುತೂಹಲ.

ಹಿಂದಿದ್ದವನು ಬೇಗ ಬೇಗ ಎಂದು ಗೊಣಗಿದ. ಮನೀಶ ಹುಲಗಪ್ಪನ ಕಡೆ ಬೆರಳು ಮಾಡಿದ. "ಇಸ್ಕಾ."

ಅವಳು ಹುಲಗಪ್ಪನನ್ನು ನೋಡಿ ನಕ್ಕು, ಠಪ್ಪೆಂದು ಮುದ್ರೆ ಒತ್ತಿ, ಪೆಟ್ಟಿಗೆಯನ್ನು ಹಿಂದಿದ್ದ ಚೀಲಕ್ಕೆ ಎಸೆದಳು. ಹೊರಗೆ ಬಂದ ಮೇಲೆ ಮನೀಶ ಫುಟ್‌ಪಾತಿನ ಕಟ್ಟೆಯ ಮೇಲೆ ಕುಳಿತು ಮುಖ ಮುಚ್ಚಿಕೊಂಡ. ಅವನ ಭುಜ ಅಲುಗುತ್ತಿತ್ತು. ಹುಲಗಪ್ಪ ಪಕ್ಕದಲ್ಲಿ ನಿಂತ. ಕೈ ಎತ್ತಿ ಅವನ ಬೆನ್ನ ಮೇಲಿಟ್ಟ. ಬೆನ್ನು ಬಿಸಿಯಾಗಿತ್ತು, ಅಷ್ಟೇ ಅವನಿಗೆ ತಿಳಿದದ್ದು.

ಅದೇ ಪದಕ ದಿಲ್ಲಿಗೆ ಹೋಗಿ, ಮಳೆಗಾಲ ಮುಗಿದ ಮೇಲೆ ನವಿ ಮುಂಬಯಿಗೆ ಬಂತು. ಸಾನಪಾಡಾದ ಒಂದು ಸಭಾಗೃಹದಲ್ಲಿ ಜೂನಿಯರ್ ಕ್ರೀಡಾಪಟುಗಳ ಬಹುಮಾನ ಸಮಾರಂಭವಿತ್ತು. ಅದರ ನಡುವೆ ಇದನ್ನೂ ಕೊಟ್ಟುಬಿಡುವುದೆಂದು ತೀರ್ಮಾನವಾಗಿತ್ತು. ಭೀಮಮ್ಮ ಕಾರ್ಖಾನೆಗೆ ರಜೆ ಹಾಕಿ, ಇಳಕಲ್ ಸೀರೆಯುಟ್ಟು, ಮುಂದಿನ ಸಾಲಿನ ತುದಿಯಲ್ಲಿ ಕುಳಿತಳು. ಹುಲಗಪ್ಪನ ಹೆಸರು ಹೇಳಲು ನಿರೂಪಕ ಎರಡು ಸಲ ತಡವರಿಸಿದ. ಆಮೇಲೆ, "ಎಂಟು ಮೀಟರ್ ನಾಲ್ಕು ಸೆಂಟಿಮೀಟರ್ ಜಿಗಿದ ಸಾಹಸಿ," ಎಂದು ಹಿಂದಿಯಲ್ಲಿ ಘೋಷಿಸಿದ.

ಅದು ಮನೀಶನ ಜಿಗಿತ. ಹುಲಗಪ್ಪ ವೇದಿಕೆಯ ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತ. ತಪ್ಪೆಂದು ಹೇಳಬಹುದಿತ್ತು. ಉಳಿದ ಮೆಟ್ಟಿಲು ಹತ್ತಿದ. ಅಧಿಕಾರಿಯೊಬ್ಬರು ಅವನ ಕೊರಳಿಗೆ ರಿಬ್ಬನ್ ಹಾಕಿ, ಕ್ಯಾಮೆರಾ ಕಡೆ ತಿರುಗಿಸಿ ಕೈ ಕುಲುಕಿದರು. ಚಪ್ಪಾಳೆ ಬಿತ್ತು. ಅನಿಲಕುಮಾರರು ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದರು, ಅವರ ಕಣ್ಣು ಒದ್ದೆಯಾಗಿತ್ತು. ರಾಷ್ಟ್ರಗೀತೆ, ಬಾವುಟ ಯಾವುದೂ ಇರಲಿಲ್ಲ. ಮುಂದಿನ ಹೆಸರು ಕರೆದರು, ಅವನು ಇಳಿದು ಬಂದ.

ವಾಪಸು ಬರುವಾಗ ಠಾಣೆ ಲೋಕಲಿನಲ್ಲಿ ಭೀಮಮ್ಮನಿಗೆ ಕಿಟಕಿ ಸಿಕ್ಕಿತು. ಪದಕವನ್ನು ಮಡಿಲಲ್ಲಿಟ್ಟುಕೊಂಡು ಬೆರಳಿನಿಂದ ಸವರಿದಳು.

"ಖುಷಿ ಆತಿಲ್ಲೋ?"

"ಗೊತ್ತಾಗವಲ್ದು ಅವ್ವಾ."

"ಅಳು ಬಂತೇನು?"

"ಅದೂ ಇಲ್ಲ. ಆವಾಗೇ ಎಲ್ಲಾ ಮುಗದದ ಅನಸ್ತದ."

ಅವಳು ಅವನನ್ನು ನೋಡಿದಳು. ಠಾಣೆಯಲ್ಲಿ ದಿವಾದ ಗಾಡಿ ಹಿಡಿಯುವುದನ್ನು ಬಿಟ್ಟು ಹೊರಗಿನ ಸೇತುವೆಯ ಕಡೆ ನಡೆದಳು. ಪದಕವನ್ನು ಅವನ ಕೈಗೆ ಕೊಟ್ಟು, "ಇದನ್ನ ಕಿಸೇದಾಗ ಇಟ್ಕೊ. ನಾ ಮನೀಶನ ಅವ್ವನ್ನ ನೋಡಿ ಬರ್ತೀನಿ," ಅಂದಳು.

"ಅವ್ವಾ, ಇವತ್ತ ಬ್ಯಾಡ."

"ನೀ ಬರಬ್ಯಾಡ. ಹೊರಗ ನಿಂದ್ರು."

ಹುಲಗಪ್ಪ ಹೋಟೆಲಿನ ಎದುರಿನ ಪಾನ್ ಅಂಗಡಿಯ ಪಕ್ಕ ನಿಂತ. ಗಾಜಿನ ಹಿಂದೆ ರಮಾಕಾಂತರು ಎದ್ದು ನಿಂತು ಭೀಮಮ್ಮನಿಗೆ ಕೈ ಮುಗಿದದ್ದು ಕಂಡಿತು. ಅವಳು ಒಳಗೆ ಹೋದಳು. ಆಫೀಸು ಬಿಟ್ಟ ಜನ ಅವನನ್ನು ತಳ್ಳಿಕೊಂಡು ಸ್ಟೇಷನ್ನಿನ ಕಡೆ ಹರಿಯುತ್ತಿದ್ದರು. ಪ್ಯಾಂಟಿನ ಜೇಬಿನಲ್ಲಿ ಕಂಚು ತೊಡೆಗೆ ತಾಗಿ ತಣ್ಣಗಿತ್ತು.

ಅವಳು ಹೊರಬಂದಾಗ ಕೈಯಲ್ಲಿ ಬಾಳೆಲೆಯ ಪೊಟ್ಟಣ, ಸ್ಟೀಲಿನ ಡಬ್ಬಿ ಇತ್ತು. ಕಣ್ಣು ಕೆಂಪಾಗಿತ್ತು.

"ಏನಂದ್ರು?"

"ಏನೂ ಅನ್ನಲಿಲ್ಲ. ಆಕಿ ಅತ್ತಳು. ನಾನೂ ಅತ್ತೆ. ಆಮ್ಯಾಲ ಊಟ ಕಟ್ಟಿ ಕೊಟ್ಟಳು."

"ಮನೀಶ?"

"ಅಡಗಿ ಮನಿಯಾಗ ಕಾಯಿಪಲ್ಯ ಹೆಚ್ಚಾಕತ್ತಿದ್ದ. ಡಬ್ಬಿ ತಿರುಗಿ ಕೊಡಾಕ ನೀನ ಬರಬೇಕಂತ. ಹಂಗ ಹೇಳಿ ಕಳಸ್ಯಾನ."

ಸ್ಲೋ ಲೋಕಲಿನಲ್ಲಿ ಇಬ್ಬರಿಗೂ ನಿಲ್ಲಲು ಮಾತ್ರ ಜಾಗ ಸಿಕ್ಕಿತು. ಹುಲಗಪ್ಪ ಡಬ್ಬಿಯನ್ನು ತಲೆಯ ಮೇಲೆತ್ತಿ ಹಿಡಿದ. ದಿವಾದಲ್ಲಿ ಇಳಿದು, ಮನೆಗೆ ಬಂದು, ಭೀಮಮ್ಮ ಸೀರೆ ಬದಲಿಸಿ ತಟ್ಟೆ ಇಟ್ಟಳು. ಅವನು ಕುಳಿತು ಊಟಕ್ಕೆ ಕೈ ಹಾಕಿದ. ಸಾಂಬಾರು ಇನ್ನೂ ಬಿಸಿಯಿತ್ತು. ಬಡಿಸಿದ್ದನ್ನೆಲ್ಲ ಉಂಡ, ಡಬ್ಬಿ ತೊಳೆದ, ಒರೆಸಿ ಬಾಗಿಲ ಪಕ್ಕ ಇಟ್ಟ.