ಕಾಸಿಲ್ಲದ ಪಾಠ

ಮೈ ತೊಳೆಯುವ ಮೊದಲು ಮುನಿಯಲ್ಲಮ್ಮ, ತೀರಿಕೊಂಡ ತನ್ನ ಅತ್ತೆ ಲಕ್ಕಮ್ಮನ ಸೆರಗಿನ ಗಂಟು ಬಿಚ್ಚಿದಳು. ಒಂದು ಅಡಿಕೆ ಚೂರು ಬಿಟ್ಟರೆ ಒಳಗೆ ಏನೂ ಇರಲಿಲ್ಲ.

"ಇರೋಬರೋದೆಲ್ಲಾ ಈ ಮಹಾರಾಣಿಗೇ ಸುರಿದ್ರು," ಎಂದು ಮಗಳು ಆಶಾರಾಣಿಯ ಕಡೆ ನೋಡಿ ಕಣ್ಣೊರೆಸಿಕೊಂಡಳು.

ಆಶಾರಾಣಿ ತಲೆ ಎತ್ತಲಿಲ್ಲ. ಹಾಸಿಗೆ ಹಿಡಿದ ಮೇಲೆ ಅಜ್ಜಿ ಒಂದು ದಿನವೂ ಅವಳನ್ನು ಓದಲು ಕರೆದಿರಲಿಲ್ಲ. ತನ್ನ ಮೇಲೆ ಮುನಿಸಿಕೊಂಡೇ ಹೋಗಿಬಿಟ್ಟಳೇನೋ ಎಂದು ಬೆಳಗಿನಿಂದ ಅವಳಿಗೆ ಸಂಕಟ.

*

ಏಳನೇ ಕ್ಲಾಸಿನಲ್ಲಿ ಆಶಾರಾಣಿಗೂ ಪುಸ್ತಕಕ್ಕೂ ಎಣ್ಣೆ ಸೀಗೆಕಾಯಿ. ಹೊಡೆದರೂ ಬೈದರೂ ಅಷ್ಟೇ. ಬ್ಯಾಟರಾಯನಪುರದ ಮನೆಮನೆಗೆ ಹಾಲು ಹಾಕಿ ಬಂದ ಲಕ್ಕಮ್ಮನೇ ಒಂದು ಸಂಜೆ ದಾರಿ ಹುಡುಕಿದಳು.

"ಒಂದ್ ಪಾಠ ಗಟ್ಟಿಯಾಗ್ ಓದು, ಅತ್ ರೂಪಾಯಿ ಕೊಡ್ತೀನಿ."

ಅಂದಿನಿಂದ ಮೊಮ್ಮಗಳು ಮೊದಲು ಕೈ ಚಾಚುವಳು, ಆಮೇಲೆ ಪುಸ್ತಕ ತೆರೆಯುವಳು. ಅಕ್ಷರ ಬಾರದ ಅಜ್ಜಿ ಎಲೆಯಡಿಕೆ ಜಗಿಯುವುದನ್ನೂ ಮರೆತು ಕೇಳುವಳು. ಸಮುದ್ರದ ಪಾಠವೆಂದರೆ ಪ್ರಾಣ.

"ಅಷ್ಟೊಂದ್ ನೀರು, ಒಂದ್ ಎಮ್ಮೇನೂ ಕುಡಿಯಲ್ವಾ? ಇನ್ನೊಂದ್ಸಲ ಓದು."

"ಇನ್ನೊಂದ್ಸಲ ಅಂದ್ರೆ ಇನ್ನೂ ಹತ್ತು. ಕಾಸಿಲ್ದೆ ಓದಲ್ಲ ಅಜ್ಜಿ."

ಹುಡುಗಾಟಕ್ಕೆ ಅಂದ ಮಾತು. ಲಕ್ಕಮ್ಮ ನಿಜವೆಂದೇ ತಿಳಿದು ಇನ್ನೊಂದು ನೋಟು ತೆಗೆದಳು. ಹುಡುಗಿಯೂ ಬೇಡವೆನ್ನಲಿಲ್ಲ.

*

ನೀರಿನ ಬಿಂದಿಗೆ ತಂದಿಟ್ಟ ಪಕ್ಕದ ಮನೆಯ ಅಮೀನಾ ಆಶಾರಾಣಿಯ ಹತ್ತಿರ ಕೂತಳು. ಹುಡುಗಿ ತನ್ನ ಸಂಕಟ ಹೇಳಿಕೊಂಡಳು.

"ಮುನಿಸೆಲ್ಲಾ ಏನಿಲ್ಲ ಬೇಟಾ. ಎಮ್ಮೆ ಮಾರಿದ್ಮೇಲೆ ಅವರ ಕೈ ಖಾಲಿ ಆಗಿತ್ತು. 'ನಮ್ ಆಶಾ ಓದೋದ್ ಕೇಳ್ಬೇಕು ಅನ್ಸ್ತೈತೆ, ಕಾಸಿಲ್ದೆ ಎಂಗೆ ಕರೀಲಿ' ಅಂದ್ರು ಹೋದ್ ವಾರ. ನಾನು ತಮಾಷೆ ಅಂತ ನಕ್ಬಿಟ್ಟೆ."

ಆಶಾರಾಣಿ ಬಿಕ್ಕಿ ಬಿಕ್ಕಿ ಅತ್ತಳು. ಒಂದೇ ಗೋಡೆಯ ಆಚೆ ಅವಳು ದಿನವೂ ಪಿಯುಸಿ ಪರೀಕ್ಷೆಗೆ ಮನಸ್ಸಿನಲ್ಲೇ ಓದಿಕೊಂಡಿದ್ದಳು.

ಮೈ ತೊಳೆದು, ಹೊಸ ಸೀರೆ ಸುತ್ತಿ ಮಲಗಿಸಿದರು. ಹೊರಗೆ ತಮಟೆ ಶುರುವಾಯಿತು. ಆಶಾರಾಣಿ ಅಜ್ಜಿಯ ಪಕ್ಕ ಕೂತು ಬಾಯಿ ತೆರೆದಳು. ಸಮುದ್ರದ ಪಾಠಕ್ಕೆ ಅವಳಿಗೆ ಪುಸ್ತಕ ಬೇಕಿರಲಿಲ್ಲ.

"ಭೂಮಿಯ ಬಹುಭಾಗ ನೀರಿನಿಂದ ಆವೃತವಾಗಿದೆ..."

"ಏನಮ್ಮಾ ಇದು? ಒತ್ತಾಯ್ತು, ಏಳು," ಎಂದು ಸೋದರಮಾವ ಯೋಗಾನಂದ ತೋಳು ಹಿಡಿದ. ಅವಳು ಕೊಡವಿಕೊಂಡಳು. ತಮಟೆ ಇನ್ನೂ ಜೋರಾಯಿತು.

ಲಕ್ಕಮ್ಮನಿಗೆ ಎಡಗಿವಿ ಮಂದ. ಹುಡುಗಿ ಎದ್ದು ಬಲಗಡೆಗೆ ಹೋಗಿ ಕೂತು, ಕಿವಿಯ ಹತ್ತಿರ ಬಾಗಿ, ಮೊದಲ ಸಾಲಿನಿಂದ ಮತ್ತೆ ಶುರುಮಾಡಿದಳು.